ಗೋವಾದಿಂದ ತಂದ 1978ರ ಕಾರವಾನ್ ವ್ಯಾನಿಗೆ ಇನ್ಶೂರೆನ್ಸ್ ಎಲ್ಲಿ ಸಿಗುತ್ತದೆ?

ನೀವು ಕೇಳಿದ್ದು ಇಷ್ಟು: ಗೋವಾದಲ್ಲಿ 1978ರ ಒಂದು ವ್ಯಾನ್ ಕೊಂಡಿದ್ದೀರಿ. ಒಳಗೆ ಹಾಸಿಗೆ, ಪುಟ್ಟ ಅಡಿಗೆಕಟ್ಟೆ ಇದೆ. ಈಗ ಅದು ಶಿರಸಿಯ ಮನೆಯಂಗಳದಲ್ಲಿದೆ. ವರ್ಷಕ್ಕೆ ಎರಡು ಮೂರು ಸಲ ಜೋಗ, ಯಾಣ, ಗೋಕರ್ಣ ಅಂತ ಸುತ್ತಬೇಕು. ಆನ್‌ಲೈನಿನಲ್ಲಿ ಯಾವ ಕಂಪನಿಯ ಪಟ್ಟಿಯಲ್ಲೂ ಆ ಮಾಡೆಲ್ ಇಲ್ಲ. 'ವಿಂಟೇಜ್' ಅಂತ ಬೇರೆ ಪಾಲಿಸಿ ಸಿಗುತ್ತದಾ?

ಪಾಲಿಸಿ ಸಿಗುತ್ತದೆ. ಆದರೆ ಮೊಬೈಲಿನಲ್ಲಿ ಅಲ್ಲ, 'ವಿಂಟೇಜ್' ಅನ್ನುವ ಹೆಸರಿನಲ್ಲೂ ಅಲ್ಲ.

ನಾನು ಕಾರವಾರದವನು. ನನ್ನ ಹತ್ತಿರ 1986ರ ಮಟಡೋರ್ ಇದೆ, ಮಾವನಿಂದ ಬಂದದ್ದು. ಅವರಿಗೆ ಯಕ್ಷಗಾನದ ಹುಚ್ಚು. ಹೊನ್ನಾವರ, ಕುಮಟಾ ಕಡೆ ರಾತ್ರಿಯಿಡೀ ಆಟ ನೋಡಿ, ಬೆಳಗಿನ ಜಾವ ಮನೆಗೆ ಗಾಡಿ ಹೊಡೆಯಲಾಗದೆ, ಹಿಂದಿನ ಸೀಟು ಕಿತ್ತು ಸಾಗವಾನಿ ಮಂಚ ಮಾಡಿಸಿದ್ದರು. ಕಾರವಾನ್ ಎಂಬ ಶಬ್ದ ಅವರ ಬಾಯಲ್ಲಿ ಒಮ್ಮೆಯೂ ಬಂದದ್ದಿಲ್ಲ, 'ಮಲಗೋ ಗಾಡಿ' ಅಂತಲೇ ಅನ್ನುತ್ತಿದ್ದರು. ಆ ಗಾಡಿಗೆ 2014ರಿಂದ ನಾನೇ ಇನ್ಶೂರೆನ್ಸ್ ಮಾಡಿಸುತ್ತಿದ್ದೇನೆ. ಒಮ್ಮೆ ಕ್ಲೇಮ್ ಕೂಡ ಆಗಿದೆ. ಹಾಗಾಗಿ ಈ ವಿಷಯದಲ್ಲಿ ನಾನು ಎಡವಿದ ಕಲ್ಲುಗಳೆಲ್ಲ ನೆನಪಿವೆ.

ಮೊದಲು ನಿಮ್ಮ ಆರ್‌ಸಿ, ಅಂದರೆ ನೋಂದಣಿ ಪತ್ರ, ತೆಗೆದು ಓದಿ. ಕಂಪನಿಯವರು ನಿಮ್ಮ ವ್ಯಾನಿನ ಅಂದಕ್ಕೆ ವಿಮೆ ಕೊಡುವುದಿಲ್ಲ, ಆರ್‌ಸಿಯಲ್ಲಿರುವ ಗಾಡಿಗೆ ಕೊಡುತ್ತಾರೆ. ಆರ್‌ಸಿಯೇ ಇಲ್ಲ, ಪ್ಲೇಟ್ ಜರ್ಮನಿಯದ್ದೋ ಫ್ರಾನ್ಸಿನದ್ದೋ ಅಂತಾದರೆ ಉಳಿದದ್ದು ಓದುವ ಮೊದಲು ಮಾರಿದವರಿಗೆ ಫೋನ್ ಮಾಡಿ. ವಿದೇಶಿ ಪ್ರವಾಸಿಗರು ರಸ್ತೆ ಮಾರ್ಗವಾಗಿ ತರುವ ಇಂಥ ವ್ಯಾನುಗಳು ಕಾರ್ನೆ ಎಂಬ ಕಾಗದದ ಮೇಲೆ, ಸುಂಕ ಕಟ್ಟದೆ, ತಾತ್ಕಾಲಿಕವಾಗಿ ದೇಶದೊಳಗೆ ಬರುತ್ತವೆ. ಅವಧಿ ಮುಗಿಯುವುದರೊಳಗೆ ಹೊರಗೆ ಹೋಗಬೇಕು. ದುಡ್ಡು ಮುಗಿದಾಗ ಯಾರದೋ ತೆಂಗಿನ ತೋಟದಲ್ಲಿ ಬಿಟ್ಟು ವಿಮಾನ ಹತ್ತಿದರೆ ಗಾಡಿ ತೋಟದವರದ್ದಾಗುವುದಿಲ್ಲ. ಕಸ್ಟಮ್ಸ್ ಲೆಕ್ಕ ಚುಕ್ತಾ ಆಗದೆ ಆರ್‌ಟಿಒ ನೋಂದಣಿ ಇಲ್ಲ, ನೋಂದಣಿಯಿಲ್ಲದೆ ಪಾಲಿಸಿ ಇಲ್ಲ. ಗೋಕರ್ಣ, ಗೋವಾ ಕಡೆ 'ಹಿಪ್ಪಿ ವ್ಯಾನ್' ಅಂತ ಅಗ್ಗಕ್ಕೆ ಸಿಕ್ಕರೆ ನಾನಂತೂ ಈ ಕಾರಣಕ್ಕೇ ಹತ್ತಿರ ಹೋಗುವುದಿಲ್ಲ.

ನಿಮ್ಮದು ಸರಿಯಾದ ಗೋವಾ ಆರ್‌ಸಿ ಎಂದುಕೊಳ್ಳೋಣ. ಹೊರರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿದ್ದರೆ ಇಲ್ಲಿನ ನಂಬರ್ ಆಗಲೇಬೇಕು. ಅದಕ್ಕೆ ಅಲ್ಲಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ಇಲ್ಲಿ ತೆರಿಗೆ, ಆಮೇಲೆ ನಿಮ್ಮ ಶಿರಸಿಯ ಕೆಎ 31. ಖಾಸಗಿ ಗಾಡಿಯ ಆರ್‌ಸಿಗೆ 15 ವರ್ಷ ಆಯುಷ್ಯ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಿಮ್ಮದು ಎಲ್ಲಿಯವರೆಗೆ ಇದೆ ನೋಡಿ. ಹಳೆಯ ಪುಸ್ತಕದ ಆರ್‌ಸಿ ಆಗಿದ್ದರೆ ಸರ್ಕಾರದ 'ವಾಹನ್' ಎಂಬ ಕಂಪ್ಯೂಟರ್ ದಾಖಲೆಗೆ ಏರಿದೆಯೋ ಇಲ್ಲವೋ ಅದನ್ನೂ ವಿಚಾರಿಸಿ. ಏರಿಲ್ಲದಿದ್ದರೆ ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಆನ್‌ಲೈನಿನಲ್ಲಿ ನಂಬರ್ ಹಾಕಿದರೆ ಗಾಡಿಯೇ ಇಲ್ಲ ಅಂತ ಬರುವುದು ಬಹಳ ಸಲ ಇದರಿಂದಲೇ. ನಾನು ಮೂರು ತಿಂಗಳು ಇನ್ಶೂರೆನ್ಸಿನವರನ್ನು ಬೈದುಕೊಂಡೆ. ತಪ್ಪು ನನ್ನ ಆರ್‌ಸಿ ಪುಸ್ತಕದ್ದಾಗಿತ್ತು.

ಇನ್ನು ಆ ಆರ್‌ಸಿಯಲ್ಲಿ ಗಾಡಿಯ ವರ್ಗ ಅಂತ ಒಂದು ಸಾಲು ಇರುತ್ತದೆ. ಅಲ್ಲಿ ಮೋಟಾರ್ ಕಾರ್, ಖಾಸಗಿ ಉಪಯೋಗದ ಓಮ್ನಿ ಬಸ್, ಖಾಸಗಿ ಕ್ಯಾಂಪರ್ ವ್ಯಾನ್, ಮೋಟಾರ್ ಕಾರವಾನ್ ಹೀಗೆ ಏನೋ ಒಂದು ಇರಬೇಕು. ಗೂಡ್ಸ್ ಅಂತ ಇದ್ದು ನೀವು ಒಳಗೆ ಮಂಚ ಹಾಕಿ ಮಲಗಿದರೆ ಮುಂದೆ ಕ್ಲೇಮ್ ಹೊತ್ತಿಗೆ ಅದೇ ಕುತ್ತಿಗೆಗೆ ಬರುತ್ತದೆ. ಮಾರ್ಪಾಡಿಗೆ ಮೋಟಾರ್ ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. ತಯಾರಕರು ಕೊಟ್ಟ ಮೂಲ ರಚನೆಯನ್ನು ಮನಬಂದಂತೆ ಬದಲಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಬೋಲ್ಟ್ ಬಿಚ್ಚಿದರೆ ಹೊರಬರುವ ಮಂಚ ಒಂದು ಮಾತು, ಗಾಡಿಯ ಮಾಡು (ಚಾವಣಿ) ಕತ್ತರಿಸಿ ಎತ್ತರಿಸಿದ್ದು ಇನ್ನೊಂದು ಮಾತು. ಕೊಂಡ ಗಾಡಿಯ ಮಾಡು ಎತ್ತರಿಸಿದ್ದಾದರೆ ಆರ್‌ಸಿಯಲ್ಲಿ ಅದರ ದಾಖಲೆ ಹುಡುಕಿ.

ಈಗ ವಿಂಟೇಜ್ ವಿಷಯ. ಈ ಶಬ್ದಕ್ಕೆ ನಮ್ಮಲ್ಲಿ ಎರಡು ಅಳತೆ ಇವೆ, ನಿಮ್ಮ ಗಾಡಿ ಎರಡಕ್ಕೂ ಕೂರುವುದಿಲ್ಲ. 2002ರ ಮೋಟಾರ್ ಟ್ಯಾರಿಫ್ (ವಿಮೆಯ ದರ ಮತ್ತು ನಿಯಮದ) ಪುಸ್ತಕದಲ್ಲಿ ವಿಂಟೇಜ್ ಅಂದರೆ 1940ರ ಡಿಸೆಂಬರ್ 31ಕ್ಕೆ ಮುಂಚೆ ತಯಾರಾದ, ವಿಂಟೇಜ್ ಕ್ಲಬ್ಬಿನ ಸರ್ಟಿಫಿಕೇಟ್ ಇರುವ ಕಾರು. 'ಇಷ್ಟು ಬೆಲೆ' ಅಂತ ಮೊದಲೇ ಒಪ್ಪಿಕೊಂಡು, ಗಾಡಿ ಹೋದರೆ ಅಷ್ಟೂ ಕೊಡುವ ಪಾಲಿಸಿಯನ್ನು ಆ ಪುಸ್ತಕ ಅಂಥ ಕಾರಿಗೆ ಮಾತ್ರ ಬಿಟ್ಟುಕೊಟ್ಟಿತ್ತು. ಎರಡನೆಯದು 2021ರ ಜುಲೈಯಲ್ಲಿ ಬಂದ ನೋಂದಣಿ ನಿಯಮ: 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. 20,000 ರೂಪಾಯಿ ಫೀಸು, ನಂಬರಿನಲ್ಲಿ 'ವಿಎ' ಅಕ್ಷರ, 10 ವರ್ಷದ ಅವಧಿ. ಹೀಗೆ ನೋಂದಣಿಯಾದ ಕಾರಿಗೆ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ) ಪ್ರೀಮಿಯಂನಲ್ಲಿ ಅರ್ಧ ರಿಯಾಯಿತಿ ಇರುವುದು ನಿಜ. ಆದರೆ ನಿಮ್ಮ ವ್ಯಾನಿಗೆ 50 ತುಂಬುವುದು 2028ಕ್ಕೆ. ಒಳಗೆ ಅಡಿಗೆಕಟ್ಟೆ ಆಮೇಲೆ ಕಟ್ಟಿಸಿದ್ದಾದರೆ ಮೂಲ ರೂಪ ಅನ್ನುವುದೂ ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ವಿಎ ಗಾಡಿ ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಯಬಹುದು. ಜೋಗ ನೋಡಲು ಹೊರಟವರಿಗೆ ಅದು ಕಾಲಿಗೆ ಕಟ್ಟಿದ ಗುಂಡುಕಲ್ಲು.

ಆದ್ದರಿಂದ ಮಾಮೂಲಿ ಖಾಸಗಿ ಗಾಡಿಯ ಪಾಲಿಸಿಯನ್ನೇ ಕೇಳಿ, ಬ್ರಾಂಚಿಗೆ ಖುದ್ದಾಗಿ ಹೋಗಿ. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ನ್ಯಾಷನಲ್, ಓರಿಯಂಟಲ್ ಈ ನಾಲ್ಕು ಸರ್ಕಾರಿ ಕಂಪನಿಗಳಿಂದ ಶುರು ಮಾಡಿ. ಪಟ್ಟಿಯಲ್ಲಿ ಇಲ್ಲದ ಮಾಡೆಲನ್ನು ಕೈಯಾರೆ ತುಂಬುವ ವ್ಯವಧಾನ ಹಳೇ ಬ್ರಾಂಚಿನ ಹಳೇ ಗುಮಾಸ್ತರಿಗೇ ಇರುವುದು. ಥರ್ಡ್ ಪಾರ್ಟಿ ಕಡ್ಡಾಯ, ಅದನ್ನು ಕೊಡುವುದಿಲ್ಲ ಅಂತ ಯಾವ ಕಂಪನಿಯೂ ಹೇಳುವ ಹಾಗಿಲ್ಲ. ಇಲ್ಲದೆ ಓಡಿಸಿ ಸಿಕ್ಕರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. 2022ರ ಜೂನಿನಿಂದ ಬಂದ ದರದಂತೆ 1500 ಸಿಸಿಗಿಂತ ದೊಡ್ಡ ಖಾಸಗಿ ಕಾರಿಗೆ ವರ್ಷಕ್ಕೆ 7,897 ರೂಪಾಯಿ, 1000ದಿಂದ 1500 ಸಿಸಿಗೆ 3,416, ಮೇಲೆ ಜಿಎಸ್‌ಟಿ. ಗಾಡಿ ಎಷ್ಟು ಹಳೆಯದಾದರೂ ಈ ದರ ಬದಲಾಗುವುದಿಲ್ಲ.

ಕಷ್ಟ ಬರುವುದು ಸ್ವಂತ ಗಾಡಿಯ ಹಾನಿಗೆ ಕವರ್ ಕೇಳಿದಾಗ. ನಮ್ಮ ಜಿಲ್ಲೆಯಲ್ಲಿ ಅದಿಲ್ಲದೆ ಇರಬೇಡಿ ಅಂತಲೇ ನಾನು ಹೇಳುವುದು. ವರ್ಷಕ್ಕೆ ಮೂರು ಸಲ ಓಡುವ ಗಾಡಿಗೆ ಡಿಕ್ಕಿಯ ಭಯ ಕಮ್ಮಿ, ನಿಂತಲ್ಲೇ ಆಗುವ ಹಾನಿಯ ಭಯ ಜಾಸ್ತಿ. ಮರ ಬೀಳುವುದು, ಹೊಳೆ ಉಕ್ಕುವುದು, ಗುಡ್ಡ ಜರಿಯುವುದು. ಥರ್ಡ್ ಪಾರ್ಟಿ, ಸ್ವಂತ ಹಾನಿ ಎರಡೂ ಇರುವ ಪ್ಯಾಕೇಜ್ ಪಾಲಿಸಿಯಲ್ಲಿ ಬೆಂಕಿ, ಕಳ್ಳತನ, ನೆರೆ, ಬಿರುಗಾಳಿ, ಭೂಕುಸಿತ ಎಲ್ಲ ಸೇರಿರುತ್ತವೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಂದದ್ದನ್ನು ಕಂಡ ಮೇಲೆ ಆ ಕೊನೆಯ ಶಬ್ದವನ್ನು ನಾನು ಪಾಲಿಸಿಯಲ್ಲಿ ಬೆರಳಿಟ್ಟು ಓದುತ್ತೇನೆ. ಥರ್ಡ್ ಪಾರ್ಟಿ ಒಂದೇ ಇದ್ದರೆ ಇದರಲ್ಲಿ ಯಾವುದೂ ಇಲ್ಲ.

ಪಾಲಿಸಿ ಬಿಟ್ಟುಹೋದ ಗಾಡಿಯಾದರೆ ಮೊದಲು ತಪಾಸಣೆಗೆ ಬರುತ್ತಾರೆ. ನನ್ನದಕ್ಕೆ ಬಂದವರು ಸಣ್ಣ ಪ್ರಾಯದ ಹುಡುಗ, ಇಸ್ತ್ರಿ ಮಾಡಿದ ಅಂಗಿ. ಗೋಣಿಚೀಲ ಹಾಸಿಕೊಂಡು ಗಾಡಿಯಡಿಗೆ ನುಸುಳಿದರು. ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಮೂಡಬೇಕು. ಮೂಡಿದ್ದು ಅರ್ಧ, ಕೊನೆಯ ಎರಡು ಅಂಕಿಯ ಜಾಗದಲ್ಲಿ ಬರೀ ತುಕ್ಕಿನ ಗುಳಿ. ಕಡಲ ಉಪ್ಪುಗಾಳಿ ತಿಂದಿತ್ತು. ನನ್ನ ಎದೆ ಝಲ್ ಅಂತು, ಯಾಕೆಂದರೆ ನಂಬರ್ ಹೊಂದದಿದ್ದರೆ ಮತ್ತೆ ಆರ್‌ಟಿಒ ಮೆಟ್ಟಿಲು ಹತ್ತಬೇಕು. ಹೆಂಡತಿ ಚಿಮಣಿ ಎಣ್ಣೆ, ತಂತಿ ಬ್ರಷ್ ತಂದುಕೊಟ್ಟಳು. ಅರ್ಧ ಗಂಟೆ ಮೆಲ್ಲಗೆ ಉಜ್ಜಿ ಒರೆಸಿ, ಮತ್ತೆ ಕಾಗದ ಇಟ್ಟಾಗ ಒಂದು 7, ಒಂದು ಮಸುಕಾದ 3 ಎದ್ದು ಬಂದವು. ಹುಡುಗನ ಅಂಗಿ ಮಾತ್ರ ಹಾಳಾಗಿತ್ತು. ನೀವು ಅವರು ಬರುವ ಮೊದಲೇ ಇದನ್ನು ಮಾಡಿಟ್ಟುಕೊಳ್ಳಿ. ಜೋರಾಗಿ ಗ್ರೈಂಡರ್ ಹಾಕಬೇಡಿ, ಅಂಕಿ ಹೋದರೆ ಅಳಿಸಿದ್ದೀರಿ ಅಂತಲೇ ಆಗುತ್ತದೆ.

ಆಮೇಲೆ ಬೆಲೆ. ಐದು ವರ್ಷದೊಳಗಿನ ಗಾಡಿಗೆ ಸವಕಳಿಯ (ಹಳೆಯದಾದಂತೆ ಬೆಲೆ ಇಳಿಸುವ) ಪಟ್ಟಿ ಇದೆ, ಅದು ದಾಟಿದರೆ ನೀವೂ ಕಂಪನಿಯೂ ಮಾತಾಡಿ ಒಪ್ಪಿದ್ದೇ ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆಯುವ ಗಾಡಿಯ ಬೆಲೆ. ಬ್ರಾಂಚಿನವರು ತಾವಾಗಿ ಹೇಳುವುದು ಗುಜರಿ ರೇಟು. ಬಾಯಿಮಾತಿನ ಚೌಕಾಶಿ ನಡೆಯುವುದಿಲ್ಲ. ಲೈಸೆನ್ಸ್ ಇರುವ ಸರ್ವೇಯರ್ (ಗಾಡಿಯ ಬೆಲೆ, ಹಾನಿ ಅಳೆಯುವವರು) ಹತ್ತಿರ ಮೌಲ್ಯಮಾಪನ ಬರೆಸಿ, ನೀವು ಖರ್ಚು ಮಾಡಿದ ಬಿಲ್ಲು, ನಾಲ್ಕೂ ಕಡೆಯ ಮತ್ತು ಒಳಗಿನ ಫೋಟೋ ಇಟ್ಟು ಅರ್ಜಿ ಕೊಡಿ. ನನ್ನ ಗಾಡಿಗೆ ಮೊದಲು 40,000 ಅಂದವರು ಕಾಗದ ನೋಡಿ 1,20,000ಕ್ಕೆ ಒಪ್ಪಿದರು, ಮೇಲಿನ ಆಫೀಸಿನಿಂದ ಅನುಮತಿ ಬರಲು ಹದಿನೆಂಟು ದಿನ ಆಯಿತು.

ಅಷ್ಟು ಮಾಡಿಯೂ ನಾನು ಒಂದು ಕಡೆ ಸೋತೆ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಗಾಡಿ ಕಾಳಿ ದಂಡೆಯ ಭಾವನ ಮನೆಯಂಗಳದಲ್ಲಿತ್ತು. ನೀರು ಸೀಟಿನ ಮಟ್ಟಕ್ಕೆ ಬಂದು ಇಳಿಯಿತು. ಇಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಭಾವನಿಗೆ ಫೋನಿನಲ್ಲೇ ಕೂಗಿ ಹೇಳಿದ್ದೆ. ನೀರು ಕುಡಿದ ಇಂಜಿನನ್ನು ತಿರುಗಿಸಿ ಕೆಡಿಸಿದರೆ ಆ ಹಾನಿ ನೆರೆಯದ್ದಲ್ಲ, ನಮ್ಮದು ಅನ್ನುತ್ತಾರೆ. ಅದು ಉಳಿಯಿತು. ಸರ್ವೇಯರ್ ಬಂದರು, ಒಳ್ಳೆಯ ಮನುಷ್ಯ. ಮಾವನ ಸಾಗವಾನಿ ಮಂಚವನ್ನು ಬೆರಳಿನಿಂದ ಎರಡು ಸಲ ತಟ್ಟಿ, "ಚಲೋ ಮರ. ಆದರೆ ಇದು ಪಾಲಿಸಿಯಲ್ಲಿ ಎಲ್ಲಿದೆ ತೋರಿಸಿ" ಅಂದರು. ಎಲ್ಲೂ ಇರಲಿಲ್ಲ. ಒಟ್ಟು ಖರ್ಚು 68,000. ಮಂಚ, ಹಾಸಿಗೆ, ಕಪಾಟು ಸೇರಿ 22,000 ಅಲ್ಲೇ ಹೋಯಿತು. ಉಳಿದದ್ದರಲ್ಲಿ ಕೂಲಿ 18,000 ಪೂರ್ತಿ ಕೊಟ್ಟರು. 28,000ದ ಬಿಡಿಭಾಗಕ್ಕೆ ಅರ್ಧ, ಯಾಕೆಂದರೆ ರಬ್ಬರ್ ಪ್ಲಾಸ್ಟಿಕಿಗೆ ಯಾವಾಗಲೂ 50 ಶೇಕಡ ಸವಕಳಿ, 10 ವರ್ಷ ದಾಟಿದ ಗಾಡಿಯ ಲೋಹದ ಭಾಗಕ್ಕೂ ಅಷ್ಟೇ. ನನ್ನ ಮೇಲಿನ ಕಡ್ಡಾಯ ಪಾಲು 2,000 ಕಳೆದು ಕೈಗೆ ಬಂದದ್ದು 30,000. ಸವಕಳಿ ಇಲ್ಲದ ಆ ಜಾಹೀರಾತಿನ ಪಾಲಿಸಿ ಇಷ್ಟು ಹಳೇ ಗಾಡಿಗೆ ಸಿಗುವುದಿಲ್ಲ, ಅದರ ಹಿಂದೆ ಓಡಬೇಡಿ.

ಅದರ ಮುಂದಿನ ವರ್ಷದಿಂದ ಮಂಚ, ಕಪಾಟು, ಎರಡನೇ ಬ್ಯಾಟರಿ, ಒಂದೊಂದಕ್ಕೂ ಬೆಲೆ ಹಾಕಿ ಪಾಲಿಸಿಯ ಹೆಚ್ಚುವರಿ ಸಾಮಾನಿನ (ಆಕ್ಸೆಸರೀಸ್) ಕಾಲಮಿನಲ್ಲಿ ಬರೆಸಿದ್ದೇನೆ. ಪ್ರೀಮಿಯಂ ಸ್ವಲ್ಪ ಏರಿತು. ನೀವು ಅಡಿಗೆಕಟ್ಟೆಯನ್ನು ಹಾಗೇ ಬರೆಸಿ. ಗ್ಯಾಸ್ ಇಟ್ಟುಕೊಳ್ಳುತ್ತೀರಾದರೆ ಅದನ್ನು ಮುಚ್ಚಿಡಬೇಡಿ, ಬೆಂಕಿ ಬಿದ್ದ ದಿನ ಅವರು ಮೊದಲು ಹುಡುಕುವುದು ಅದನ್ನೇ. ನಾನು ಸಿಲಿಂಡರ್ ಗಾಡಿಯಲ್ಲಿ ಇಡುವುದನ್ನೇ ಬಿಟ್ಟೆ, ಇಳಿದಲ್ಲಿ ಹೋಟೆಲ್ ಇರುತ್ತದೆ. ಬಟ್ಟೆ, ಪಾತ್ರೆ, ಕ್ಯಾಮರಾ ಇವಕ್ಕೆ ಮೋಟಾರ್ ಪಾಲಿಸಿಯಲ್ಲಿ ಜಾಗವಿಲ್ಲ. ಹೋಮ್‌ಸ್ಟೇ ಅಂತ ಪ್ರವಾಸಿಗರಿಗೆ ಒಂದು ರಾತ್ರಿ ಬಾಡಿಗೆಗೆ ಕೊಟ್ಟರೂ ಖಾಸಗಿ ಪಾಲಿಸಿಯ ಷರತ್ತು ಮುರಿದಂತೆ, ಶಿರಸಿಯಲ್ಲಿ ಈ ಆಸೆ ಹುಟ್ಟುವುದು ಸಹಜ ಅಂತ ಹೇಳುತ್ತಿದ್ದೇನೆ.

ತುಕ್ಕು ಮತ್ತು ನಡುದಾರಿಯಲ್ಲಿ ಗಾಡಿ ಕೈಕೊಡುವುದು, ಈ ಎರಡಕ್ಕೂ ಮಾಮೂಲಿ ಪಾಲಿಸಿಯಲ್ಲಿ ಜಾಗವಿಲ್ಲ. ಅಪಘಾತವಾದರೆ ಎಳೆದುಕೊಂಡು ಹೋಗುವ ಖರ್ಚಿಗೆ ಕಾರಿನ ಪ್ಯಾಕೇಜ್ ಪಾಲಿಸಿಯಲ್ಲಿ 1,500 ರೂಪಾಯಿ ಇದೆ. ದೇವಿಮನೆ ಘಟ್ಟದಿಂದ ಕುಮಟಾಕ್ಕೆ ಆ ದುಡ್ಡಿನಲ್ಲಿ ಯಾರು ಬರುತ್ತಾರೆ ಕೇಳಿ ನೋಡಿ. ತುಕ್ಕಿಗೆ ನಾನು ಮಾಡುವುದು ದೋಣಿಯವರ ಉಪಾಯ: ಮಳೆಗಾಲಕ್ಕೆ ಮುಂಚೆ ಚಾಸಿಗೆ ಗೇರೆಣ್ಣೆ ಬಳಿಸುತ್ತೇನೆ. ಕೈಗೆ ತಾಗಿದರೆ ಸುಟ್ಟು ಗುಳ್ಳೆ ಬರುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಚಾಸಿ ನಂಬರಿನ ಮೇಲೆ ಮಾತ್ರ ಅದನ್ನು ಬಳಿಯಬೇಡಿ, ಆ ಜಾಗಕ್ಕೆ ಗ್ರೀಸ್ ಸಾಕು.

ಆರ್‌ಸಿಯಲ್ಲಿ ವರ್ಗ ಏನಂತ ಇದೆ, ಎಲ್ಲಿಯವರೆಗೆ ಅವಧಿ ಇದೆ, ಇವೆರಡನ್ನು ಕೆಳಗೆ ಬರೆಯಿರಿ. ನಂಬರ್ ಹಾಕಬೇಡಿ. ಶಿರಸಿ ಆರ್‌ಟಿಒದಲ್ಲಿ ಯಾವ ಕಾಗದ ಮೊದಲು ಕೊಡಬೇಕು ಅನ್ನುವುದನ್ನು ಅದು ನೋಡಿ ಹೇಳುತ್ತೇನೆ.