ಊರ ಬಾಯಿಗೆ ಬಿದ್ದವರ ಕಥೆಗಳು: ಯಾವುದನ್ನು ನೋಡಬೇಕು, ಯಾಕೆ ನೋಡಬೇಕು

ನೀವು ಕೇಳಿದ್ದು ಹೀಗೆ: "ಆಸ್ಟ್ರೇಲಿಯಾದ 'ಎ ಪ್ಲೇಸ್ ಟು ಕಾಲ್ ಹೋಮ್' ಧಾರಾವಾಹಿ ಈಗಷ್ಟೇ ನೋಡಿ ಮುಗಿಸಿದೆ. ಹಿಂದಿನ ಕಾಲದ ಸಣ್ಣ ಊರು, ಅಲ್ಲಿನ ಪೂರ್ವಗ್ರಹ, ಮನೆಯೊಳಗೆ ಮುಚ್ಚಿಟ್ಟ ಗುಟ್ಟು, ಇಂಥವು ಕನ್ನಡದಲ್ಲಿ ಯಾಕಿಲ್ಲ? ಅಮ್ಮನ ಜೊತೆ ಕೂತು ನೋಡುವಂಥದ್ದು ಇದ್ದರೆ ಹೇಳಿ."

ಕನ್ನಡದಲ್ಲಿ ಉಂಟು, ಆದರೆ ಬೆರಳೆಣಿಕೆಯಷ್ಟು. ಇರುವಷ್ಟು ಮಾತ್ರ ಬಹಳ ಗಟ್ಟಿ. ಇನ್ನೂ ಒಂದು ವಿಷಯ: ಇಂಥ ಧಾರಾವಾಹಿಗೆ ಬೇಕಾದ ನಿಜವಾದ ಕಥೆಗಳು ನಮ್ಮ ಕರಾವಳಿಯಲ್ಲಿ ನೂರು ನೂರೈವತ್ತು ವರ್ಷಗಳಿಂದ ಕಾದು ಕೂತಿವೆ. ನಾನು ಉಡುಪಿಯವಳು, ಮಂಗಳೂರಿನಲ್ಲಿ ಓದಿದವಳು. ಈ ವಿಷಯ ಬಂದರೆ ನನ್ನ ಮಾತು ಸ್ವಲ್ಪ ಉದ್ದವಾಗುತ್ತದೆ.

ಮೊದಲು ನೀವು ನೋಡಿದ್ದರ ಬಗ್ಗೆಯೇ ಹೇಳುತ್ತೇನೆ. ಬೆವನ್ ಲೀ ಸೃಷ್ಟಿಸಿದ ಆ ಧಾರಾವಾಹಿ 2013ರಿಂದ 2018ರವರೆಗೆ ಬಂತು. ಮೊದಲ ವಾಹಿನಿ ಎರಡು ಸರಣಿಗೇ ಕೈಬಿಟ್ಟಾಗ ನೋಡುಗರು ಬಿಡಲಿಲ್ಲ, ಇನ್ನೊಂದು ವಾಹಿನಿ ಮುಂದುವರಿಸಿತು. ಕಥೆ 1953ರಲ್ಲಿ ಶುರು. ಯುದ್ಧಕಾಲದ ಯೂರೋಪಿನಲ್ಲಿ ಬೆಂದು ಬಂದ, ಯೆಹೂದಿ ಧರ್ಮಕ್ಕೆ ಸೇರಿದ ಸಾರಾ ಎಂಬ ನರ್ಸು. ಊರಿಗೆಲ್ಲ ದೊಡ್ಡವರಾದ ಬ್ಲೈ ಮನೆತನ. ಆ ಮನೆಯ ಯಜಮಾನ್ತಿ ಎಲಿಜಬೆತ್. ಮೊಮ್ಮಗ ಜೇಮ್ಸ್‌ಗೆ ಗಂಡಸರ ಮೇಲೆ ಪ್ರೀತಿ. ಮೊಮ್ಮಗಳು ಆನಾ ಇಟಲಿಯಿಂದ ಬಂದ ಕ್ಯಾಥೊಲಿಕ್ ರೈತರ ಮಗನನ್ನು ಮೆಚ್ಚಿದವಳು. ಇಷ್ಟೆಲ್ಲ ಒಂದೇ ಮನೆಯಲ್ಲಾ ಎಂದು ಅನ್ನಿಸಬಹುದು. ಕೆಲವು ಕಡೆ ತಿರುವುಗಳು ಹೆಚ್ಚಾಗಿವೆ, ಅದು ನಿಜ.

ಆದರೂ ಅದು ನಿಲ್ಲುವುದು ಎಲಿಜಬೆತ್‌ಳಿಂದ. ಅವಳು ದುಷ್ಟೆಯಲ್ಲ. ತಾನು ಮನೆಯ ಮರ್ಯಾದೆ ಕಾಯುತ್ತಿದ್ದೇನೆ, ಮೊಮ್ಮಕ್ಕಳ ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಎಂದು ಪ್ರಾಮಾಣಿಕವಾಗಿ ನಂಬಿದವಳು. ಜೇಮ್ಸ್‌ನನ್ನು ಆಸ್ಪತ್ರೆಗೆ ಸೇರಿಸಿ "ಸರಿಮಾಡುವ" ಹೆಸರಿನಲ್ಲಿ ಹಿಂಸಿಸುವ ಭಾಗವನ್ನು ನನ್ನಿಂದ ಒಂದೇ ಸಲಕ್ಕೆ ನೋಡಲಿಕ್ಕಾಗಲಿಲ್ಲ. ಆ ರಾಜ್ಯದಲ್ಲಿ, ನ್ಯೂ ಸೌತ್ ವೇಲ್ಸ್‌ನಲ್ಲಿ, ಗಂಡಸರ ನಡುವಿನ ಸಂಬಂಧ 1984ರವರೆಗೂ ಅಪರಾಧವೇ ಆಗಿತ್ತು. ಹಾಗಾಗಿ ಮನೆಯವರಿಗೆ ಇದ್ದದ್ದು ನೆರೆಕರೆಯವರ ಮಾತಿನ ಹೆದರಿಕೆ ಒಂದೇ ಅಲ್ಲ, ಜೈಲಿನ ಹೆದರಿಕೆಯೂ ಹೌದು. ನಮ್ಮಲ್ಲಿ ಇಂಥ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮಿನ ಭಾಗವನ್ನು ಸುಪ್ರೀಂ ಕೋರ್ಟು ತೆಗೆದದ್ದು 2018ರಲ್ಲಿ. ಇದನ್ನು ನೆನಪಿಟ್ಟುಕೊಂಡು ನೋಡಿದರೆ ಆ 1953 ಅಷ್ಟೇನೂ ದೂರದ್ದಲ್ಲ.

ಇಂಥ ಧಾರಾವಾಹಿ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನಾನು ನೋಡುವುದು ಇದನ್ನೇ: ನೋವು ಕೊಡುವವರು ಯಾರು? ಒಬ್ಬ ಖಳನಾಯಕ ಎಲ್ಲ ಮಾಡುತ್ತಿದ್ದರೆ ಅದು ಸಣ್ಣ ಊರಿನ ಕಥೆಯಲ್ಲ. ಸಣ್ಣ ಊರಿನಲ್ಲಿ ಶಿಕ್ಷೆ ಕೊಡುವುದು ಎಲ್ಲರೂ ಸೇರಿ, ಅದೂ ಬಹಳ ಸಣ್ಣ ಸಣ್ಣ ಕೆಲಸಗಳಲ್ಲಿ. ಮದುವೆಯ ಕಾಗದ ಬರುವುದಿಲ್ಲ. ಪಂಕ್ತಿಯಲ್ಲಿ ನಿಮ್ಮ ಪಕ್ಕದ ಬಾಳೆಎಲೆ ಖಾಲಿ ಉಳಿಯುತ್ತದೆ. ಬಾವಿಕಟ್ಟೆಯಲ್ಲಿ ನೀವು ಬಂದ ಕೂಡಲೇ ಮಾತು ನಿಲ್ಲುತ್ತದೆ. ಕ್ಷೌರಿಕ ಬರುವುದಿಲ್ಲ, ಪುರೋಹಿತರಿಗೆ ಆ ದಿನ ಬೇರೆ ಕಡೆ ಕೆಲಸ ಇರುತ್ತದೆ. ಇದನ್ನೆಲ್ಲ ಮಾಡುವವರು ಒಳ್ಳೆಯವರೇ, ನಿಮ್ಮ ಮಗುವಿಗೆ ಜ್ವರ ಬಂದಾಗ ಕಷಾಯ ತಂದುಕೊಟ್ಟವರೇ. ಇದನ್ನು ತೋರಿಸಲು ಸಿನಿಮಾಕ್ಕಿಂತ ಧಾರಾವಾಹಿಯೇ ಸರಿ. ಹತ್ತಿಪ್ಪತ್ತು ಕಂತುಗಳಲ್ಲಿ ಊರವರ ಪರಿಚಯವಾಗಿ, ಅವರ ಮೇಲೆ ನಮಗೆ ಪ್ರೀತಿ ಬಂದ ಮೇಲೆ, ಅವರೇ ಬಾಗಿಲು ಹಾಕಿದಾಗ ನಮಗೆ ಉಸಿರು ಕಟ್ಟುತ್ತದೆ.

ಇಂಗ್ಲಿಷಿನಲ್ಲಿ ಇದೇ ಜಾತಿಯವು ಇನ್ನೂ ಬೇಕಾದರೆ: ಬಿಬಿಸಿಯ 'ಕ್ರ್ಯಾನ್‌ಫರ್ಡ್' 2007ರದ್ದು, 1840ರ ದಶಕದ ಇಂಗ್ಲೆಂಡಿನ ಸಣ್ಣ ಪಟ್ಟಣ, ಮೆದು ಸ್ವಭಾವದ್ದು. ಕೆನಡಾದ 'ಆ್ಯನ್ ವಿತ್ ಆ್ಯನ್ ಇ' ಅನಾಥ ಹುಡುಗಿಯನ್ನು ಊರು ಹೇಗೆ ಅಳೆಯುತ್ತದೆ ಎಂಬುದರಿಂದ ಶುರುವಾಗಿ, ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಕಿತ್ತು ವಸತಿಶಾಲೆಗೆ ಹಾಕಿದ ಇತಿಹಾಸದವರೆಗೆ ಹೋಗುತ್ತದೆ. ಎರಡರಲ್ಲಿ ಎರಡನೆಯದೇ ನನಗೆ ಹೆಚ್ಚು ಇಷ್ಟ.

ಈಗ ಕನ್ನಡಕ್ಕೆ ಬರುವ. ಇಂಥ ಪ್ರಶ್ನೆಗೆ ಎಲ್ಲರೂ ತಟ್ಟನೆ ಹೇಳುವುದು 'ಮಾಲ್ಗುಡಿ ಡೇಸ್'. ಶಂಕರ್ ನಾಗ್ ಅದನ್ನು ನಮ್ಮ ಘಟ್ಟದ ಮೇಲಿನ ಆಗುಂಬೆಯಲ್ಲಿ ಚಿತ್ರಿಸಿದ್ದು, ಉಡುಪಿಯಿಂದ ಬಸ್ಸಿನಲ್ಲಿ ಹೋಗಿ ಆ ಮನೆ ನೋಡಿ ಬರುವವರು ಈಗಲೂ ಇದ್ದಾರೆ. ನನಗೂ ಅದು ಬಹಳ ಪ್ರೀತಿಯದ್ದು. ಆದರೆ ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ. ಮಾಲ್ಗುಡಿ ಜನರನ್ನು ಕ್ಷಮಿಸುವ ಊರು. ನೀವು ಕೇಳುತ್ತಿರುವುದು ಕ್ಷಮಿಸದ ಊರಿನ ಬಗ್ಗೆ.

ಅದಕ್ಕೆ 'ಗೃಹಭಂಗ' ನೋಡಬೇಕು. ಎಸ್. ಎಲ್. ಭೈರಪ್ಪನವರ ಕಾದಂಬರಿಯನ್ನು ಗಿರೀಶ ಕಾಸರವಳ್ಳಿ ಈಟಿವಿ ಕನ್ನಡಕ್ಕೆ ಧಾರಾವಾಹಿ ಮಾಡಿದರು, ನಂಜಮ್ಮನಾಗಿ ಮಾಳವಿಕಾ. ಕಳೆದ ಶತಮಾನದ ಮೊದಲರ್ಧದ ಬಯಲುಸೀಮೆಯ ಹಳ್ಳಿ, ಪ್ಲೇಗು, ಬಡತನ. ಗಂಡನಿಗೆ ಶಾನುಭೋಗಿಕೆ ಇದೆ, ಲೆಕ್ಕ ಬರೆಯಲು ಬರುವುದಿಲ್ಲ, ಬರೆಯುವವಳು ನಂಜಮ್ಮ. ಹೆಂಗಸು ಸರಕಾರಿ ಲೆಕ್ಕದ ಪುಸ್ತಕ ಮುಟ್ಟಿದಳು ಎಂಬುದೇ ಅಲ್ಲಿ ಒಂದು ಅಪವಾದ. ಅತ್ತೆ ಗಂಗಮ್ಮನ ಬಾಯಿಯಂತೂ ಕೇಳುವುದೇ ಬೇಡ. ನಮ್ಮ ಮನೆಯಲ್ಲಿ ಇದು ಬರುತ್ತಿದ್ದ ಹೊತ್ತಿಗೆ ನೆರೆಮನೆಯ ಅಜ್ಜಿಯೊಬ್ಬರು ಬಂದು ಕೂರುತ್ತಿದ್ದರು. ಎಂದೂ ಕಣ್ಣೀರು ಹಾಕಿದವರಲ್ಲ. ನಂಜಮ್ಮನ ಮಕ್ಕಳು ಹೋದ ಕಂತಿನ ಮರುದಿನದಿಂದ ಅವರು ತಮ್ಮ ಅತ್ತೆಮನೆಯ ಕಥೆ ಹೇಳತೊಡಗಿದರು. ಅಷ್ಟು ವರ್ಷ ಅವರ ಮಕ್ಕಳಿಗೂ ಗೊತ್ತಿಲ್ಲದ ಕಥೆ ಅದು. ಒಳ್ಳೆಯ ಧಾರಾವಾಹಿ ಮಾಡುವ ಕೆಲಸ ಇದು ಎಂದು ನಾನು ಆಗಲೇ ನಂಬಿದೆ.

ಧಾರಾವಾಹಿಯಲ್ಲದಿದ್ದರೂ ಒಂದು ಸಿನಿಮಾ ಹೇಳದೆ ಹೋದರೆ ಈ ಉತ್ತರ ಪೂರ್ತಿಯಾಗುವುದಿಲ್ಲ: 'ಘಟಶ್ರಾದ್ಧ', 1977. ಅನಂತಮೂರ್ತಿಯವರ ಕಥೆ, ಕಾಸರವಳ್ಳಿಯವರ ಮೊದಲ ಚಿತ್ರ, ನಿರ್ಮಾಪಕರು ನಮ್ಮ ಮೂಲ್ಕಿಯ ಸದಾನಂದ ಸುವರ್ಣ. ರಾಷ್ಟ್ರಪತಿಗಳ ಸ್ವರ್ಣಕಮಲ ಬಂದದ್ದು ಗೊತ್ತಿರಬಹುದು. 2024ರಲ್ಲಿ ಅದರ ಹೊಸದಾಗಿ ಸರಿಪಡಿಸಿದ ಪ್ರತಿ ವೆನಿಸ್ ಉತ್ಸವದಲ್ಲಿ ಪ್ರದರ್ಶನವಾಯಿತು. ಅಗ್ರಹಾರದಲ್ಲಿ ವೇದಪಾಠ ನಡೆಸುವ ಉಡುಪರ ಮಗಳು ಯಮುನಾ, ಚಿಕ್ಕ ವಯಸ್ಸಿನ ವಿಧವೆ. ಗರ್ಭಿಣಿಯಾಗುತ್ತಾಳೆ. ಪಾಠಕ್ಕೆ ಬಂದ ಪುಟ್ಟ ಹುಡುಗ ನಾಣಿಗೆ ಏನಾಗುತ್ತಿದೆ ಎಂದು ಪೂರ್ತಿ ಅರ್ಥವಾಗುವುದಿಲ್ಲ, ನಮಗೆ ಆಗುತ್ತದೆ. ಕೊನೆಗೆ ಬದುಕಿರುವ ಮಗಳಿಗೆ ತಂದೆ ಶ್ರಾದ್ಧ ಮಾಡಿ ಘಟ ಒಡೆದು ಅವಳನ್ನು ಜಾತಿಯಿಂದ ಹೊರಹಾಕುತ್ತಾನೆ. ಇದಿಷ್ಟೇ ಆಗಿದ್ದರೆ ಕರುಣೆಯ ಕಥೆಯಾಗುತ್ತಿತ್ತು. ಆದರೆ ಅದಾದ ಮೇಲೆ ಅದೇ ಮುದಿ ತಂದೆಗೆ ಎಳೆಯ ಹುಡುಗಿಯೊಬ್ಬಳ ಜೊತೆ ಮದುವೆಯ ಮಾತು ನಡೆಯುತ್ತದೆ, ಅದರಲ್ಲಿ ಊರಿಗೆ ಏನೂ ತಪ್ಪು ಕಾಣುವುದಿಲ್ಲ. ಒಂದು ಭಾಷಣವೂ ಇಲ್ಲದೆ ಎಲ್ಲ ಹೇಳಿ ಮುಗಿಯಿತು.

ಸದಾನಂದ ಸುವರ್ಣರೇ ದೂರದರ್ಶನಕ್ಕೆ 'ಗುಡ್ಡದ ಭೂತ' ಮಾಡಿದವರು, ಪ್ರಕಾಶ್ ರೈ ನಟಿಸಿದ್ದು. ಅದನ್ನು ಹಳೆಯ ಕಾಲದ ಕಥೆ ಎನ್ನಲು ಬರುವುದಿಲ್ಲ, ಆದರೆ ತುಳುನಾಡಿನ ಒಂದು ಊರು ತನ್ನ ಭಯದ ಸುತ್ತ ಹೇಗೆ ಬಾಯಿ ಮುಚ್ಚಿಕೊಂಡಿರುತ್ತದೆ ಎಂದು ನೋಡಲಿಕ್ಕೆ ಚೆನ್ನ.

ಇನ್ನು "ಯಾಕಿಲ್ಲ" ಎಂಬ ನಿಮ್ಮ ಪ್ರಶ್ನೆ. ಸಾಮಗ್ರಿ ಇಲ್ಲದೆ ಅಲ್ಲ ಮಾರಾಯ್ರೆ. ಮಂಗಳೂರನ್ನೇ ತೆಗೆದುಕೊಳ್ಳಿ. 1843ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಪಾದ್ರಿ ಮೋಗ್ಲಿಂಗ್ ಇಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಶುರುಮಾಡುತ್ತಾರೆ, ಅದು ಕನ್ನಡದ ಮೊದಲ ಪತ್ರಿಕೆ. ಮರುವರ್ಷ, 1844ರಲ್ಲಿ, ಮಿಶನ್ನಿನ ಇಂಗ್ಲಿಷ್ ಶಾಲೆಯ ಸಂಪರ್ಕಕ್ಕೆ ಬಂದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಗೆಳೆಯರೊಡನೆ ಕ್ರೈಸ್ತನಾಗುತ್ತಾನೆ. ಆಗಿನ ಮಂಗಳೂರು ಎಷ್ಟು ದೊಡ್ಡದು? ಬೆಳಿಗ್ಗೆ ನಡೆದದ್ದು ಸಂಜೆಯೊಳಗೆ ಎಲ್ಲ ಜಗಲಿಗಳಿಗೂ ತಲುಪುವಷ್ಟು. ಮಗನನ್ನು ಕಳೆದುಕೊಂಡ ತಾಯಿ, ಗಂಡ ಬದುಕಿದ್ದೂ ಅವನಿಂದ ಬೇರೆಯಾದ ಹೆಂಡತಿ, ಮಕ್ಕಳನ್ನು ಶಾಲೆಗೆ ಕಳಿಸಬೇಕೋ ಬೇಡವೋ ಎಂದು ಕಂಗಾಲಾದ ನೆರೆಯವರು, ತಾವು ಮಾಡಿದ್ದು ಆತ್ಮವನ್ನು ಉಳಿಸುವ ಕೆಲಸ ಎಂದು ನಂಬಿದ ಜರ್ಮನ್ ಪಾದ್ರಿಗಳು. ಇಲ್ಲಿ ಯಾರನ್ನೂ ಖಳನಾಯಕ ಮಾಡಬೇಕಾಗಿಲ್ಲ. ಕೌಂಡಿನ್ಯರು ಬಾಸೆಲ್‌ಗೆ ಹೋಗಿ ಪಾದ್ರಿಯಾಗಿ ಮರಳಿದರು. ನನ್ನ ಮಟ್ಟಿಗೆ ಇಡೀ ಕಥೆಯನ್ನು ಆ ಹೆಂಡತಿಯ ಕಣ್ಣಿನಿಂದ ಹೇಳಬೇಕು.

ಕುದ್ಮುಲ್ ರಂಗರಾಯರದ್ದು ಇನ್ನೂ ದೊಡ್ಡ ಕಥೆ. 1859ರಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ, ವಕೀಲ. 1890ರ ದಶಕದಲ್ಲಿ ಮಂಗಳೂರಿನಲ್ಲಿ ದಲಿತರ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ದಲಿತರ ಏಳಿಗೆಗೆಂದು ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆ ಕಟ್ಟಿದರು. ಸ್ವಂತ ಜನ ಅವರಿಗೆ ಬಹಿಷ್ಕಾರ ಹಾಕಿದರು. ತಾವು ಕಲಿಸಿದ ಮಕ್ಕಳು ದೊಡ್ಡ ಹುದ್ದೆಗೇರಿ ಈ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬ ಅವರ ಮಾತು ಇಲ್ಲಿ ಹಲವರಿಗೆ ಗೊತ್ತು. ಅವರ ಮಗಳು ರಾಧಾಬಾಯಿ ಎಳೆಯ ವಯಸ್ಸಿನಲ್ಲೇ ವಿಧವೆಯಾದವರು; ಆಕ್ಸ್‌ಫರ್ಡಿನವರೆಗೆ ಓದಿದರು, ಜಾತಿಯ ಹೊರಗೆ ಮರುಮದುವೆಯಾದರು, ಮುಂದೆ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋದರು. ಮಂಗಳೂರಿನ ಪುರಭವನಕ್ಕೆ ಇಂದು ರಂಗರಾಯರ ಹೆಸರಿದೆ. ಅಲ್ಲಿ ನಾಟಕ ನೋಡಿ ಬರುವ ಎಷ್ಟು ಜನರಿಗೆ ಈ ಮನೆಯ ಕಥೆ ಗೊತ್ತು?

ಕಾದಂಬರಿಯೇ ಬೇಕೆಂದರೆ ಅದೂ ಇಲ್ಲೇ ಉಂಟು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಯಿತು, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಅದರ ಲೆಕ್ಕ. ಬಾಲವಿಧವೆಯನ್ನು ಕಪಟ ಸಂತರ ಮಂಡಲಿಯ ಸೇವೆಗೆ ತಳ್ಳಲು ನೋಡುವವರು ಅವಳ ಮನೆಯವರೇ. ಅವಳು ಓಡಿಹೋಗುತ್ತಾಳೆ, ಓದುತ್ತಾಳೆ, ಮರುಮದುವೆಯಾಗುತ್ತಾಳೆ. ವಿಧವೆಯ ಮರುಮದುವೆಗೆ 1856ರಲ್ಲೇ ಕಾಯ್ದೆ ಬಂದಿತ್ತು, ಅಂದರೆ ಕಾದಂಬರಿ ಬರುವ ಹೊತ್ತಿಗೆ ನಲವತ್ತು ವರ್ಷ ಕಳೆದಿತ್ತು. ಕಾಯ್ದೆ ಒಪ್ಪಿದ್ದನ್ನು ಊರು ಒಪ್ಪಿರಲಿಲ್ಲ. 1905ರ 'ವಾಗ್ದೇವಿ', ಬೋಳಾರ ಬಾಬುರಾಯರದ್ದು, ಮಠದೊಳಗಿನ ಹಗರಣವನ್ನೇ ಹಿಡಿದು ಬರೆದದ್ದು. ಬರೆದ ಇಬ್ಬರೂ ಹೊರಗಿನವರಲ್ಲ, ಅದೇ ಸಮಾಜದೊಳಗೆ ಕೂತು ಬರೆದವರು. ಆ ಧೈರ್ಯ ಈಗಿನ ವಾಹಿನಿಗಳಿಗೆ ಬಂದರೆ ಸಾಕು.

ನನ್ನ ಅಂದಾಜಿನಲ್ಲಿ ಕಾರಣ ಇದೇ: ಇಂಥ ಕಥೆ ಹೇಳಬೇಕಾದರೆ ಜಾತಿಯ ಹೆಸರು ಹೇಳಬೇಕು, ಊಟದ ಪಂಕ್ತಿ ತೋರಿಸಬೇಕು, ಹಳೆಯ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇದ್ದದ್ದನ್ನು ತೋರಿಸಬೇಕು. ಯಾವ ಸಮುದಾಯ ಬೇಸರ ಮಾಡಿಕೊಳ್ಳುತ್ತದೋ ಎಂಬ ಅಂಜಿಕೆಗೆ ಅದನ್ನೆಲ್ಲ ಬಿಟ್ಟು, ಉಳಿದ ಜಾಗಕ್ಕೆ ಜರಿ ಸೀರೆ, ತೊಟ್ಟಿಮನೆ, ವಿಷ ಬೆರೆಸುವ ಅತ್ತಿಗೆ ತುಂಬುತ್ತಾರೆ. ವರ್ಷಗಟ್ಟಲೆ ದಿನಕ್ಕೊಂದು ಕಂತು ಕೊಡಬೇಕಾದ ಪದ್ಧತಿಯಲ್ಲಿ ಊರನ್ನು ನಿಧಾನವಾಗಿ ಕಟ್ಟಲು ಪುರುಸೊತ್ತೂ ಇಲ್ಲ. ಓಟಿಟಿಯಲ್ಲಿ ಎಂಟು ಹತ್ತು ಕಂತಿನ ಅವಕಾಶ ಈಗ ಉಂಟು. ಯಾರಾದರೂ ಕೈ ಹಾಕಬೇಕು, ಇಲ್ಲಿಯ ಕೊಂಕಣಿ, ತುಳು, ಬ್ಯಾರಿ, ಕುಂದಗನ್ನಡ ಎಲ್ಲವನ್ನೂ ಇದ್ದ ಹಾಗೆಯೇ ಪಾತ್ರಗಳ ಬಾಯಲ್ಲಿ ಬಿಡಬೇಕು.

ಅಮ್ಮನ ಜೊತೆ ನೋಡಲು 'ಗೃಹಭಂಗ'ದಿಂದಲೇ ಶುರುಮಾಡಿ. ದಿನಕ್ಕೆ ಒಂದೆರಡು ಕಂತು ಸಾಕು, ಭಾರವಾದದ್ದು ಅದು. 'ಘಟಶ್ರಾದ್ಧ'ವನ್ನು ಮೊದಲು ನೀವೊಬ್ಬರೇ ನೋಡಿ, ಆಮೇಲೆ ಅವರನ್ನು ಕೇಳಿ. ಅಮ್ಮನಿಗೆ ಓದುವ ಅಭ್ಯಾಸ ಇದ್ದರೆ 'ಇಂದಿರಾಬಾಯಿ' ತಂದುಕೊಡಿ. ಭಾಷೆ ಹಳೆಯದು, ಮೊದಲ ಕೆಲವು ಪುಟ ನೀವು ಗಟ್ಟಿಯಾಗಿ ಓದಿ ಹೇಳಿದರೆ ಮುಂದೆ ಅವರೇ ಓದಿಕೊಳ್ಳುತ್ತಾರೆ. ನೋಡುವಾಗ ಅಮ್ಮ ಏನಾದರೂ ಹಳೆಯದನ್ನು ಹೇಳತೊಡಗಿದರೆ ಧಾರಾವಾಹಿಯನ್ನು ಅಲ್ಲೇ ನಿಲ್ಲಿಸಿ, ಅವರು ಹೇಳುವುದನ್ನು ಪೂರ್ತಿ ಕೇಳಿ.