ಬಾದಶಹರ ಮನೆತನದ ಸೊಸೆಗೆ ರಾಜಧನ ಏಕೆ ಸಿಗಲಿಲ್ಲ?

ಕೊನೆಯ ಮೊಘಲ್ ಬಾದಶಹ ಬಹದ್ದೂರ್ ಷಾ ಜಫರನ ವಂಶದ ಸೊಸೆಯೊಬ್ಬರು ಕೊಳೆಗೇರಿಯಲ್ಲಿ ಬದುಕುತ್ತಿರುವುದು ನಿಜವೇ, ನಿಜವಾದರೆ ಸ್ವಾತಂತ್ರ್ಯದ ನಂತರ ಸರ್ಕಾರದಿಂದ ವರ್ಷವರ್ಷವೂ ಮೈಸೂರು ಅರಸರಿಗೆ ಸಿಕ್ಕಂಥ ರಾಜಧನ ಆ ಮನೆತನಕ್ಕೆ ಏಕೆ ಸಿಗಲಿಲ್ಲ ಎಂದು ಕೇಳಿದ್ದೀರಿ.

ನಿಜ. ಅವರ ಹೆಸರು ಸುಲ್ತಾನಾ ಬೇಗಂ. ಜಫರನ ಮರಿಮಗನೆಂದು ಹೇಳಲಾಗುವ ಮಿರ್ಜಾ ಬೇದಾರ್ ಬಖ್ತ್ ಅವರನ್ನು 1965ರಲ್ಲಿ ಮದುವೆಯಾದಾಗ ಅವರಿಗಿನ್ನೂ 14 ವರ್ಷ. ಗಂಡ ಅವರಿಗಿಂತ 32 ವರ್ಷ ದೊಡ್ಡವರು. ಭವಿಷ್ಯ ಹೇಳಿ ಅಷ್ಟಿಷ್ಟು ಸಂಪಾದಿಸುತ್ತಿದ್ದ ಗಂಡ 1980ರಲ್ಲಿ ತೀರಿಕೊಂಡ ಮೇಲೆ ಸಂಸಾರದ ಭಾರವೆಲ್ಲ ಅವರ ತಲೆಯ ಮೇಲೆ ಬಿತ್ತು. ಕೋಲ್ಕತ್ತಕ್ಕೆ ಅಂಟಿಕೊಂಡಿರುವ ಹೌರಾದಲ್ಲಿ ಎರಡು ಕೋಣೆಯ ಗುಡಿಸಲು, ನೆರೆಯವರೊಂದಿಗೆ ಹಂಚಿಕೊಂಡ ಅಡುಗೆಮನೆ, ಸ್ನಾನಕ್ಕೂ ಬಟ್ಟೆ ಒಗೆಯಲಿಕ್ಕೂ ಬೀದಿಯ ನಲ್ಲಿ. ಮನೆಯ ಹತ್ತಿರವೇ ಒಂದು ಚಹಾ ಅಂಗಡಿ ಇಟ್ಟುಕೊಂಡು ಕೆಲವು ವರ್ಷ ಹೇಗೋ ದಿನ ದೂಡಿದರು. ರಸ್ತೆ ಅಗಲ ಮಾಡುವಾಗ ಅದನ್ನೂ ಕೆಡವಲಾಯಿತು. ಆಮೇಲೆ ಅವರಿಗೆ ಉಳಿದ ಆಧಾರವೆಂದರೆ ತಿಂಗಳಿಗೆ 6,000 ರೂಪಾಯಿಯ ಪಿಂಚಣಿ.

ಇನ್ನು ರಾಜಧನದ ವಿಷಯ. ಅದು ರಾಜರಕ್ತಕ್ಕೆ ಕೊಟ್ಟ ಗೌರವಧನ ಎಂಬ ಭಾವನೆ ನಮ್ಮಲ್ಲಿದೆ, ಆದರೆ ಅದು ಒಪ್ಪಂದದ ಹಣ. ಸ್ವಾತಂತ್ರ್ಯ ಬಂದಾಗ ಕೈಯಲ್ಲಿ ಸಂಸ್ಥಾನವಿದ್ದವರು ಅದನ್ನು ಭಾರತಕ್ಕೆ ಸೇರಿಸಿದರು, ಅದಕ್ಕೆ ಪ್ರತಿಯಾಗಿ ಮೈಸೂರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ನಿಗದಿಯಾಯಿತು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂದು ಎಲ್ಲರ ರಾಜಧನವೂ ನಿಂತುಹೋಯಿತು. ಮೊಘಲರ ಬಳಿ 1947ರಲ್ಲಿ ಸೇರಿಸಿಕೊಡಲು ಏನೂ ಉಳಿದಿರಲಿಲ್ಲ. ಒಂದು ಕಾಲಕ್ಕೆ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದಿಂದ ತಿಂಗಳಿಗೆ ಒಂದು ಲಕ್ಷ ರೂಪಾಯಿ ಪಡೆಯುತ್ತಿದ್ದ ಜಫರನನ್ನು 1857ರ ದಂಗೆಯ ನಂತರ ಅವನದೇ ಕೆಂಪುಕೋಟೆಯಲ್ಲಿ ವಿಚಾರಣೆಗೆ ನಿಲ್ಲಿಸಿ ರಂಗೂನಿಗೆ ಗಡೀಪಾರು ಮಾಡಿದರು. 1862ರಲ್ಲಿ ಅವನು ಅಲ್ಲಿಯೇ ತೀರಿಕೊಂಡ. ನಮ್ಮ ಟಿಪ್ಪುವಿನ ಮನೆತನದ ಕಥೆಯೂ ಇದೇ ಜಾತಿಯದು: 1799ರ ನಂತರ ವೇಲೂರಿಗೆ, 1806ರ ದಂಗೆಯಾದ ಮೇಲೆ ಕಲ್ಕತ್ತೆಗೆ ಸಾಗಹಾಕಿದ ಆ ಕುಟುಂಬದ ಕೆಲವು ಕವಲುಗಳು ಅಲ್ಲಿಯೇ ಬಡತನಕ್ಕಿಳಿದವು. ಅಂದರೆ ಇಂಗ್ಲಿಷರ ವಿರುದ್ಧ ನಿಂತವರ ವಂಶಕ್ಕೆ ಒಪ್ಪಂದಕ್ಕೆ ಕೂರುವ ಅವಕಾಶವೇ ಇರಲಿಲ್ಲ. ಇದು ನನಗೆ ಇಂದಿಗೂ ನೋವು ಕೊಡುವ ಸಂಗತಿ.

ಹೀಗಾಗಿ ಸುಲ್ತಾನಾ ಬೇಗಂ ಅವರ ಪಿಂಚಣಿ ಹಕ್ಕಿನ ಹಣವಾಗದೆ ದಯೆಯ ಹಣವಾಗಿಯೇ ಉಳಿಯಿತು. ಶಿಕ್ಷಕರಾಗಿದ್ದ ಗಂಡನನ್ನು ಕಳೆದುಕೊಂಡ ನನ್ನ ದೊಡ್ಡಮ್ಮ ಪ್ರತಿ ನವೆಂಬರಿನಲ್ಲಿ ಪಿಂಚಣಿಗಾಗಿ ಜೀವಂತ ಪ್ರಮಾಣಪತ್ರ ಕೊಡಲು ಹೋಗುವಾಗ ಗಂಡನ ಕಾಗದಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಕೊಂಡು ಸೆರಗಿನೊಳಗೆ ಅವುಚಿಕೊಂಡು ಹೋಗುತ್ತಿದ್ದರು. ಸುಲ್ತಾನಾ ಬೇಗಂ ತಮ್ಮ ಮದುವೆಯ ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆಂದು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಆ ಡಬ್ಬಿಯೇ. ದೊಡ್ಡಮ್ಮನಿಗೆ ಇಲ್ಲದ ಒಂದು ಹೊರೆಯೂ ಇವರಿಗಿತ್ತು. ನಮ್ಮದು ಬೇಡಿ ತಿನ್ನುವ ಮನೆತನವಲ್ಲ ಎಂದು ಗಂಡ ಹೇಳುತ್ತಿದ್ದ ಮಾತನ್ನು ಅವರೇ ನೆನೆದಿದ್ದಾರೆ. ಹೊಟ್ಟೆಗಿಲ್ಲದಾಗಲೂ ಕೈಚಾಚದಂತೆ ಕಟ್ಟಿಹಾಕುವ ಮಾತದು.

ಕೊನೆಗೆ ಅವರು ಕೆಂಪುಕೋಟೆಯನ್ನು ಮರಳಿ ಕೊಡಿಸಿ, ಇಲ್ಲವೇ ಪರಿಹಾರ ಕೊಡಿಸಿ ಎಂದು ನ್ಯಾಯಾಲಯಕ್ಕೆ ಹೋದರು. 150 ವರ್ಷಕ್ಕೂ ಹೆಚ್ಚಿನ ವಿಳಂಬವಾಗಿದೆಯೆಂದು ದೆಹಲಿ ಹೈಕೋರ್ಟು 2021ರ ಡಿಸೆಂಬರಿನಲ್ಲಿ ಅರ್ಜಿಯನ್ನು ವಜಾ ಮಾಡಿತು. ಮೇಲ್ಮನವಿ ಸಲ್ಲಿಸುವುದರಲ್ಲಿಯೂ ಎರಡೂವರೆ ವರ್ಷ ತಡವಾಗಿ 2024ರಲ್ಲಿ ಅದೂ ಬಿದ್ದುಹೋಯಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಕೆಂಪುಕೋಟೆ ಮಾತ್ರವೇಕೆ, ಮೊಘಲರೇ ಕಟ್ಟಿಸಿದ ಫತೇಪುರ್ ಸಿಕ್ರಿ ಏಕೆ ಬೇಡ ಎಂದು ಕೇಳಿ ಅರ್ಜಿಯನ್ನು ತಳ್ಳಿಹಾಕಿತು. ಕಾನೂನಿನ ದೃಷ್ಟಿಯಿಂದ ಬೇರೆ ತೀರ್ಪು ಬರಲು ಸಾಧ್ಯವಿರಲಿಲ್ಲ ಎಂದೇ ನನಗೂ ಅನ್ನಿಸುತ್ತದೆ. ಆದರೆ ಆ ಅರ್ಜಿಯ ಹಿಂದಿದ್ದದ್ದು ಕೋಟೆಯ ಆಸೆ ಎಂದು ನಾನು ನಂಬುವುದಿಲ್ಲ. ಬೀದಿಯ ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ವಿಧವೆಯೊಬ್ಬರ ಸಂಕಷ್ಟಕ್ಕೆ ಕೋಟೆಯ ಹೆಸರು ಹೇಳಿದ ಮೇಲೆಯೇ ದೇಶ ಒಂದು ದಿನದ ಮಟ್ಟಿಗಾದರೂ ಕಿವಿಗೊಟ್ಟಿತು.