ಬಡ್ಡಿ ಲೆಕ್ಕ ನಾಲ್ಕು ಕಡೆ ಯಾಕೆ?

ಪ್ರಶ್ನೆ: ಪತ್ತಿನ ಸಹಕಾರ ಸಂಘವೊಂದರ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಒರಾಕಲ್ ಡೇಟಾಬೇಸಿನಲ್ಲಿ 140 ಬಿಡಿ ಪ್ರೊಸೀಜರ್‌ಗಳಿವೆ (ಒಂದೊಂದು ಕೆಲಸಕ್ಕೆ ಬರೆದಿಟ್ಟ ಕೋಡ್). ಬಡ್ಡಿ ಲೆಕ್ಕವೇ ನಾಲ್ಕು ಕಡೆ ಇದೆ. ಎಲ್ಲವನ್ನೂ ಒಂದೇ ಪ್ಯಾಕೇಜಿಗೆ (ಪ್ರೊಸೀಜರ್‌ಗಳ ಕಟ್ಟಿಗೆ) ಸೇರಿಸಿಬಿಡಲೇ ಮೇಡಂ?
– ಓದುಗರು, ದಾವಣಗೆರೆ

ಉತ್ತರ: ಪ್ಯಾಕೇಜಿಗೆ ಸೇರಿಸಿ, ಆದರೆ ಒಂದಕ್ಕೇ ಬೇಡ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ತಂಡ ಹಾಗೇ ಮಾಡಿತ್ತು. ‘ಕಾಮನ್’ ಅಂತ ಹೆಸರಿಟ್ಟು ಸಾಲ, ಠೇವಣಿ, ದಿನಾಂಕದ ಲೆಕ್ಕ ಎಲ್ಲವನ್ನೂ ಅದರೊಳಗೆ ತುಂಬಿದೆವು. ಆಗ ಇದ್ದದ್ದು ಒರಾಕಲ್ಲಿನ 9ಐ ಆವೃತ್ತಿ. ಸ್ಪೆಸಿಫಿಕೇಶನ್‌ನಲ್ಲಿ (ಪ್ಯಾಕೇಜಿನಲ್ಲಿ ಹೊರಗಿನ ಕೋಡಿಗೆ ಕಾಣುವ ಭಾಗ) ಒಂದು ಸಾಲು ಸೇರಿಸಿದರೂ ಪ್ಯಾಕೇಜನ್ನು ಕರೆಯುವ ಕೋಡ್ ಎಲ್ಲ ‘ಇನ್‌ವ್ಯಾಲಿಡ್’ ಆಗುತ್ತಿತ್ತು, ಅಂದರೆ ಓಡುವ ಮೊದಲು ಮತ್ತೆ ಕಂಪೈಲ್ ಆಗಬೇಕಾಗುತ್ತಿತ್ತು. 11ಜಿ ಬಂದ ಮೇಲೆ ಈ ಕಾಟ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ನಿಮ್ಮ ಸಂಘದ ಕೌಂಟರ್ ನೆನೆಸಿಕೊಳ್ಳಿ. ಸದಸ್ಯರಿಗೆ ಕಾಣುವುದು ಕಿಟಕಿ ಮಾತ್ರ, ಲೆಕ್ಕ ನಡೆಯುವುದು ಒಳಗಿನ ಮೇಜಿನ ಮೇಲೆ. ಸ್ಪೆಸಿಫಿಕೇಶನ್ ಆ ಕಿಟಕಿ, ಒಳಗಿನ ಕೋಡ್ ಇರುವ ಬಾಡಿ ಆ ಮೇಜು. ಬಾಡಿಯನ್ನು ಎಷ್ಟು ಬದಲಿಸಿದರೂ ಹೊರಗಿನ ಕೋಡ್ ಇನ್‌ವ್ಯಾಲಿಡ್ ಆಗುವುದಿಲ್ಲ. ಹಾಗಾಗಿ ಕಿಟಕಿ ಚಿಕ್ಕದಿರಲಿ. ಹೊರಗಿನವರು ಕರೆಯದ ಸಹಾಯಕ ಫಂಕ್ಷನ್‌ಗಳನ್ನು ಬಾಡಿಯಲ್ಲೇ ಇಡಿ. ಸಾಲಕ್ಕೊಂದು, ಠೇವಣಿಗೊಂದು, ಸದಸ್ಯತ್ವಕ್ಕೊಂದು ಪ್ಯಾಕೇಜ್ ಮಾಡಿ. ಬಡ್ಡಿ ಮಾತ್ರ ಬೇರೆಯೇ ಇರಲಿ, ಸಾಲಕ್ಕೂ ಠೇವಣಿಗೂ ಅದು ಬೇಕಲ್ವಾ?

ಒಂದು ಎಚ್ಚರಿಕೆ. ಬಡ್ಡಿ ದರವನ್ನು ಪ್ಯಾಕೇಜಿನ ಗ್ಲೋಬಲ್ ವೇರಿಯಬಲ್‌ನಲ್ಲಿ ಇಡಬೇಡಿ, ಟೇಬಲ್‌ನಲ್ಲಿಡಿ. ಆ ವೇರಿಯಬಲ್‌ನ ಮೌಲ್ಯ ಪ್ರತಿ ಸೆಷನ್‌ಗೂ (ಡೇಟಾಬೇಸಿಗೆ ಆಗುವ ಒಂದೊಂದು ಸಂಪರ್ಕಕ್ಕೂ) ಬೇರೆ ಬೇರೆ. ಕೌಂಟರ್ ನಡೆಯುತ್ತಿರುವಾಗ ನೀವು ಪ್ಯಾಕೇಜನ್ನು ಮತ್ತೆ ಕಂಪೈಲ್ ಮಾಡಿದರೆ, ಅದನ್ನು ಆಗಲೇ ಬಳಸಿದ್ದ ಸೆಷನ್‌ಗೆ ಓರಾ-04068 ಎರರ್ (ವೇರಿಯಬಲ್‌ಗಳ ಹಳೇ ಮೌಲ್ಯ ಹೋಯಿತು ಅಂತ) ಬರುತ್ತದೆ.

ಹಳೇ ಪ್ರೊಸೀಜರ್‌ಗಳನ್ನು ತಕ್ಷಣ ಅಳಿಸಬೇಡಿ. ಹೆಸರು ಹಾಗೇ ಇರಲಿ, ಒಳಗೆ ಪ್ಯಾಕೇಜನ್ನು ಕರೆಯುವ ಒಂದೇ ಸಾಲು ಸಾಕು. ಯಾವುದನ್ನು ಯಾವುದು ಕರೆಯುತ್ತದೆ ಅಂತ ‘ಯೂಸರ್_ಡಿಪೆಂಡೆನ್ಸೀಸ್’ ಎಂಬ ಒರಾಕಲ್ಲಿನ ಪಟ್ಟಿಯಲ್ಲಿ ನೋಡಿ. ಡೇಟಾಬೇಸಿನ ಹೊರಗಿನ ಸ್ಕ್ರೀನ್‌ಗಳು ಅಲ್ಲಿ ಕಾಣುವುದಿಲ್ಲ, ಅವನ್ನು ನೀವೇ ಹುಡುಕಬೇಕು.

ಆದರೆ ಇದಕ್ಕೆಲ್ಲ ಮೊದಲು ಒಂದೇ ಸಾಲದ ಖಾತೆಗೆ ನಾಲ್ಕೂ ಲೆಕ್ಕ ಓಡಿಸಿ ನೋಡಿ. ನಾವು ಹೀಗೆ ನೋಡಿದಾಗ ಒಂದರಲ್ಲಿ ವರ್ಷಕ್ಕೆ 365 ದಿನ, ಇನ್ನೊಂದರಲ್ಲಿ 360 ದಿನ ಇತ್ತು. ಪೈಸೆ ದುಂಡು ಮಾಡುವ ಕ್ರಮವೂ ಬೇರೆ. ಯಾವುದು ಸರಿ ಅಂತ ನೀವು ತೀರ್ಮಾನಿಸಬೇಡಿ. ಅದು ಸದಸ್ಯರ ದುಡ್ಡು. ನಾಲ್ಕೂ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಸಂಘದ ಕಾರ್ಯದರ್ಶಿಯವರಿಗೆ ತೋರಿಸಿ. ಅವರು ಬರವಣಿಗೆಯಲ್ಲಿ ಕೊಟ್ಟ ನಿಯಮವನ್ನೇ ಪ್ಯಾಕೇಜಿಗೆ ಹಾಕಿ.